ನಳಿಗೆಗೆ ತಕ್ಕ ಗುಂಡು

ಉತ್ತರ ಕನ್ನಡದಲ್ಲಿಯೂ ಮಲೆನಾಡಿನ ಕೆಲವು ಭಾಗಗಳಲ್ಲಿಯೂ ಮಕ್ಕಳು ಬಿದಿರಿನ ಸಣ್ಣ ಅಂಡೆಯಿಂದ ‘ಪೆಟ್ಲು’ ಎಂಬ ಆಟದ ಕೋವಿಯನ್ನು ಮಾಡಿಕೊಳ್ಳುವುದುಂಟು. ಅಂಡೆಯ ತುದಿಗೆ ಒಂದು ಹಸಿಕಾಯಿಯನ್ನು ತಳ್ಳಿ, ಹಿಂದಿನಿಂದ ಮತ್ತೊಂದು ಕಾಯಿಯನ್ನು ಕೋಲಿನಿಂದ ನೂಕಿದರೆ, ಎರಡರ ನಡುವೆ ಸಿಕ್ಕಿದ ಗಾಳಿ ಅದುಮಲ್ಪಟ್ಟು ಮುಂದಿನ ಕಾಯಿ ‘ಪಟ್’ ಎಂಬ ಶಬ್ದದೊಡನೆ ಹಾರುತ್ತದೆ. ಈ ಆಟವಾಡಿದ ಯಾವ ಹುಡುಗನಿಗೂ ಕಾಯಿಯ ಆಯ್ಕೆ ಎಷ್ಟು ಮುಖ್ಯವೆಂದು ಹೇಳಿಕೊಡಬೇಕಾಗಿಲ್ಲ. ಕಾಯಿ ಸಣ್ಣದಾದರೆ ಗಾಳಿ ಪಕ್ಕದಿಂದ ಸೋರಿಹೋಗುತ್ತದೆ. ಶಬ್ದವೂ ಇಲ್ಲ, ವೇಗವೂ ಇಲ್ಲ. ದೊಡ್ಡದಾದರೆ ಅಂಡೆಯೊಳಗೇ ಹೋಗದು, ಅಥವಾ ನೂಕುವಾಗ ಅಂಡೆಯೇ ಸೀಳುತ್ತದೆ. ಅಂಡೆಯ ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪನಾದ, ಒತ್ತಿದರೆ ತಗ್ಗುವಷ್ಟು ಮೃದುವಾದ ಕಾಯಿಯೇ ಉತ್ತಮ.

ಉಕ್ಕಿನ ಪಿಸ್ತೂಲಿಗೂ ಸೀಸದ ಗುಂಡಿಗೂ ಅನ್ವಯಿಸುವ ನಿಯಮ ಇದಕ್ಕಿಂತ ಬೇರೆಯಲ್ಲ. ಆದರೆ ಅಲ್ಲಿ ‘ಕೂದಲೆಳೆಯಷ್ಟು’ ಎಂಬ ಮಾತು ತೀರ ಸ್ಥೂಲವಾಯಿತು. ಮನುಷ್ಯನ ತಲೆಗೂದಲು ಸುಮಾರು ಅಂಗುಲದ ಸಾವಿರದಲ್ಲಿ ಮೂರು ಪಾಲು ದಪ್ಪವಿರುತ್ತದೆ. ಪಿಸ್ತೂಲಿನ ಗುಂಡಿನಲ್ಲಿ ಸಾವಿರದಲ್ಲಿ ಒಂದು ಪಾಲಿನ ವ್ಯತ್ಯಾಸವೂ ಗುರಿಯ ಮೇಲೆ ಎದ್ದು ಕಾಣುತ್ತದೆ. ಅಂಗುಲದ ಸಾವಿರದ ಒಂದು ಪಾಲನ್ನು ಈ ಲೇಖನದಲ್ಲಿ ‘ಸಹಸ್ರಾಂಶ’ ಎಂದು ಕರೆಯೋಣ. ಅದು ಮಿಲಿಮೀಟರಿನ ನಲವತ್ತರಲ್ಲಿ ಒಂದು ಪಾಲಿಗೆ ಸರಿಸುಮಾರು ಸಮನಾಗಿದೆ.

ಇಷ್ಟು ಸೂಕ್ಷ್ಮವಾಗಿ ಯಾರು ತಾನೆ ಲೆಕ್ಕ ಹಾಕುತ್ತಾರೆ ಎಂದು ವಾಚಕರು ಕೇಳಬಹುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ತಮ್ಮ ತೋಟಾಗಳನ್ನು ತಾವೇ ಮನೆಯಲ್ಲಿ ತುಂಬಿಕೊಳ್ಳುವ ಹವ್ಯಾಸಿಗಳ ದೊಡ್ಡ ಸಮುದಾಯವೇ ಇದೆ. ಒಂದು ತೋಟಾದಲ್ಲಿ ನಾಲ್ಕು ಅಂಗಗಳು: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದ ಮೇಲೆ ಮೂರು ಮುಗಿದುಹೋಗುತ್ತವೆ. ಹಿತ್ತಾಳೆಯ ಕೋಶ ಮಾತ್ರ ಉಳಿಯುತ್ತದೆ. ತೋಟಾದ ಬೆಲೆಯಲ್ಲಿ ಅದರದೇ ದೊಡ್ಡ ಪಾಲಾದುದರಿಂದ ಅದನ್ನು ಮತ್ತೆ ಮತ್ತೆ ತುಂಬಿ ಬಳಸುವುದರಲ್ಲಿ ಮಿತವ್ಯಯವಿದೆ. ಮಿತವ್ಯಯಕ್ಕಾಗಿ ತೊಡಗಿದವರು ಕ್ರಮೇಣ ನಿಖರತೆಯ ಬೆನ್ನು ಹತ್ತುವುದು ಈ ಹವ್ಯಾಸದ ಸ್ವಭಾವ. ನಮ್ಮ ದೇಶದಲ್ಲಾದರೋ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾಗಳನ್ನು ತಯಾರಿಸುವುದು ಅಪರಾಧ. ಆದುದರಿಂದ ಇಲ್ಲಿ ಬರೆದಿರುವುದನ್ನು ಭೌತಶಾಸ್ತ್ರದ ಒಂದು ಪ್ರಕರಣವಾಗಿ ಮಾತ್ರ ಓದತಕ್ಕದ್ದು.

ನಳಿಗೆಗೂ ಗುಂಡಿಗೂ ನಡುವಣ ಸಂದಿನ ಪ್ರಶ್ನೆ ಹಳೆಯದು. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸಿಪಾಯಿಯ ಕೈಯಲ್ಲಿದ್ದ ‘ಬ್ರೌನ್ ಬೆಸ್’ ಕೋವಿಯ ನಳಿಗೆಯ ವ್ಯಾಸ ಸುಮಾರು ೦.೭೫ ಅಂಗುಲ, ಅದರ ಸೀಸದ ಗುಂಡು ಸುಮಾರು ೦.೬೯ ಅಂಗುಲ. ಬಾಯಿಂದ ಬೇಗಬೇಗನೆ ತುಂಬಬೇಕಾಗಿದ್ದುದರಿಂದ, ಅದೂ ಕರಿಮದ್ದಿನ ಕಿಟ್ಟ ಕಟ್ಟಿದ ನಳಿಗೆಯಲ್ಲಿ, ಗುಂಡು ಸಡಿಲವಾಗಿರಲೇಬೇಕಿತ್ತು. ಲೆಕ್ಕ ಹಾಕಿದರೆ ನಳಿಗೆಯ ರಂಧ್ರದ ಸೇಕಡ ೧೫ರಷ್ಟು ವಿಸ್ತೀರ್ಣ ಬರಿದೇ ತೆರೆದಿತ್ತೆಂದಾಯಿತು. ಮದ್ದಿನ ಅನಿಲ ಆ ಸಂದಿನಿಂದ ಗುಂಡಿಗಿಂತ ಮೊದಲೇ ಹೊರಗೋಡುತ್ತಿತ್ತು. ಅಷ್ಟೇ ಅಲ್ಲ, ಗುಂಡು ನಳಿಗೆಯ ಗೋಡೆಗಳಿಗೆ ಅತ್ತಿತ್ತ ಬಡಿಯುತ್ತ ಸಾಗಿ, ಕೊನೆಯ ಬಡಿತ ಯಾವ ಕಡೆಗಾಯಿತೋ ಅದಕ್ಕೆ ತಕ್ಕಂತೆ ತಿರುಗುತ್ತ ಹೊರಬೀಳುತ್ತಿತ್ತು. ಹೀಗೆ ತಿರುಗುವ ಗೋಳವನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆಂಬುದನ್ನು ಕಂಡುಹಿಡಿದವನು ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞ. ೧೭೪೨ರಲ್ಲಿ ಪ್ರಕಟವಾದ ಅವನ ತೋಪುಶಾಸ್ತ್ರದ ಗ್ರಂಥವನ್ನು ಆಯ್ಲರನಂಥ ಮಹಾಗಣಿತಜ್ಞನೇ ಜರ್ಮನ್ ಭಾಷೆಗೆ ಅನುವಾದಿಸಿ ಟಿಪ್ಪಣಿಗಳನ್ನು ಬರೆದನು. ರಾಬಿನ್ಸ್ ಕಡೆಗೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ನಮ್ಮ ದೇಶಕ್ಕೆ ಬಂದು, ೧೭೫೧ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಗುಂಡನ್ನು ಬಿಗಿಯಾಗಿ ಹಿಡಿದು ಒಂದೇ ಅಕ್ಷದ ಸುತ್ತ ತಿರುಗಿಸುವ ಸುರುಳಿನಳಿಗೆಯ ಕೋವಿಯೇ ಮುಂದಿನ ಯುದ್ಧಗಳನ್ನು ಗೆಲ್ಲುವುದೆಂದು ಅವನು ಆಗಲೇ ಹೇಳಿದ್ದನು.

ಸುರುಳಿನಳಿಗೆಯ ರಚನೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಳಿಗೆಯ ಒಳಮೈಯಲ್ಲಿ ಉದ್ದಕ್ಕೂ ತಿರುಚಿಕೊಂಡು ಹೋಗುವ ಕೆಲವು ತೋಡುಗಳನ್ನು ಕೊರೆದಿರುತ್ತಾರೆ. ಎರಡು ತೋಡುಗಳ ನಡುವೆ ಉಳಿದ ಭಾಗವನ್ನು ದಂಡೆ ಎನ್ನೋಣ. ಎದುರುಬದುರು ದಂಡೆಗಳ ನಡುವಣ ಅಳತೆ ದಂಡೆವ್ಯಾಸ. ತೋಡುಗಳ ತಳದಿಂದ ತಳಕ್ಕೆ ತೆಗೆದ ಅಳತೆ ತೋಡುವ್ಯಾಸ. ಪಿಸ್ತೂಲುಗಳಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಸುಮಾರು ೮–೧೦ ಸಹಸ್ರಾಂಶಗಳಷ್ಟು ಹೆಚ್ಚಿರುತ್ತದೆ. ದಂಡೆಗಳು ಗುಂಡಿನ ಮೈಯಲ್ಲಿ ಕಚ್ಚಿಕೊಂಡು ಅದನ್ನು ತಿರುಗಿಸುತ್ತವೆ. ಆದರೆ ಅನಿಲ ಸೋರದಿರಬೇಕಾದರೆ ಗುಂಡು ತೋಡುಗಳ ತಳವನ್ನೂ ತುಂಬಬೇಕು. ಆದುದರಿಂದ ಗುಂಡಿನ ಅಳತೆಗೆ ಆಧಾರವಾಗತಕ್ಕದ್ದು ತೋಡುವ್ಯಾಸವೇ ಹೊರತು ದಂಡೆವ್ಯಾಸವಲ್ಲ.

ಬಾಯಿಂದ ತುಂಬುವ ಕೋವಿಯಲ್ಲಿ ಇದು ಸಾಧ್ಯವೆ? ಒಳಗೆ ಹೋಗುವಾಗ ಸಡಿಲವಾಗಿದ್ದು ಹೊರಗೆ ಬರುವಾಗ ಬಿಗಿಯಾಗುವ ಗುಂಡು ಬೇಕಾಯಿತು. ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ೧೮೪೯ರಲ್ಲಿ ರೂಪಿಸಿದ ಗುಂಡಿನ ತಳ ಟೊಳ್ಳಾಗಿತ್ತು. ಮದ್ದು ಸಿಡಿದಾಗ ಅನಿಲವೇ ಆ ಟೊಳ್ಳನ್ನು ಹಿಗ್ಗಿಸಿ ಸೀಸವನ್ನು ತೋಡುಗಳಿಗೆ ಒತ್ತುತ್ತಿತ್ತು. ಇದೇ ತತ್ತ್ವದ ಮೇಲೆ ೧೮೫೩ರ ಎನ್‌ಫೀಲ್ಡ್ ಕೋವಿ ಬಂತು. ಅದರ ನಳಿಗೆ ೦.೫೭೭ ಅಂಗುಲ, ಗುಂಡು ೦.೫೬೮ ಅಂಗುಲ. ಉಳಿದ ೯ ಸಹಸ್ರಾಂಶಗಳ ಸಂದನ್ನು ತುಂಬಲು ಗುಂಡಿಗೆ ಜಿಡ್ಡು ಸವರಿದ ಕಾಗದವನ್ನು ಸುತ್ತುತ್ತಿದ್ದರು. ಆ ಜಿಡ್ಡು ದನದ ಮತ್ತು ಹಂದಿಯ ಕೊಬ್ಬಿನದೆಂಬ ಸುದ್ದಿ ಸಿಪಾಯಿಗಳ ನಡುವೆ ಹಬ್ಬಿ, ೧೮೫೭ರ ಮೇ ೧೦ರಂದು ಮೀರತ್ತಿನಲ್ಲಿ ಏನಾಯಿತೆಂಬುದು ಎಲ್ಲರಿಗೂ ತಿಳಿದ ವಿಷಯ. ಸಂಗ್ರಾಮದ ಕಾರಣಗಳು ಅನೇಕ, ಆಳವಾದವು. ಆದರೆ ಕಿಡಿ ಬಿದ್ದ ಸ್ಥಳ ಈ ೯ ಸಹಸ್ರಾಂಶಗಳ ಸಂದು ಎಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿ ಗಮನಿಸದೆ ಇರಲಾರನು.

ಹಿಂದಿನಿಂದ ತುಂಬುವ ತೋಟಾ ಬಂದ ಮೇಲೆ ಗುಂಡನ್ನು ನಳಿಗೆಗಿಂತ ದಪ್ಪವಾಗಿಯೇ ಮಾಡುವುದು ಸಾಧ್ಯವಾಯಿತು. ಆದರೆ ಹೆಸರುಗಳ ಗೊಂದಲ ಹುಟ್ಟಿಕೊಂಡಿತು. ‘.೩೮ ಸ್ಪೆಷಲ್’ ಎಂಬ ಪ್ರಸಿದ್ಧ ರಿವಾಲ್ವರ್ ತೋಟಾದ ಗುಂಡು ೦.೩೮ ಅಂಗುಲವಿಲ್ಲ, ಅದು ೦.೩೫೭ ಅಥವಾ ೦.೩೫೮. ಹಾಗಾದರೆ ೩೮ ಎಲ್ಲಿಂದ ಬಂತು? ಹಳೆಯ ಕಾಲದ ತೋಟಾಗಳಲ್ಲಿ ಗುಂಡಿನ ಹೊರಮೈಯೂ ಕೋಶದ ಹೊರಮೈಯೂ ಒಂದೇ ಮಟ್ಟದಲ್ಲಿದ್ದು, ಗುಂಡಿನ ಹಿಮ್ಮಡಿ ಮಾತ್ರ ಸಣ್ಣದಾಗಿ ಕೋಶದೊಳಗೆ ಸೇರಿಕೊಂಡಿರುತ್ತಿತ್ತು. ಮುಂದೆ ಮೇಣ ಸವರಿದ ಭಾಗಕ್ಕೆ ದೂಳು ಮೆತ್ತದಿರಲೆಂದು ಗುಂಡನ್ನೇ ಕೋಶದೊಳಗೆ ಅಡಗಿಸಿದರು. ಗುಂಡು ಹಿತ್ತಾಳೆಯ ದಪ್ಪದಷ್ಟು ಕುಗ್ಗಿತು, ಹೆಸರು ಕುಗ್ಗಲಿಲ್ಲ. ೧೯೩೫ರಲ್ಲಿ ಅದೇ ವ್ಯಾಸದ ಗುಂಡನ್ನು ಬಳಸಿ ಹೆಚ್ಚು ಬಲದ ತೋಟಾ ಮಾಡಿದಾಗ ಅದಕ್ಕೆ ‘.೩೫೭ ಮ್ಯಾಗ್ನಮ್’ ಎಂದು ಹೆಸರಿಟ್ಟರು. ಈ ಹೆಸರೊಂದು ಪ್ರಾಮಾಣಿಕವಾದುದು. ‘.೪೪ ಮ್ಯಾಗ್ನಮ್’ ತೋಟಾದ ಗುಂಡು ೦.೪೨೯. ‘.೩೮–೪೦’ ಎಂಬ ಹಳೆಯ ತೋಟಾದ ಗುಂಡಾದರೋ ೦.೪೦೧!

ಮಿಲಿಮೀಟರಿನಲ್ಲಿ ಹೆಸರಿಟ್ಟವರೂ ಇದಕ್ಕಿಂತ ಮೇಲಲ್ಲ. ಜರ್ಮನಿಯಲ್ಲಿ ೧೯೦೨ರಲ್ಲಿ ಹುಟ್ಟಿದ ೯ ಮಿಲಿಮೀಟರ್ ಲೂಗರ್ ತೋಟಾದ ಗುಂಡು ೦.೩೫೫ ಅಂಗುಲ, ಎಂದರೆ ೯.೦೨ ಮಿಲಿಮೀಟರು. ಸೋವಿಯತ್ ಸೈನ್ಯ ೧೯೫೧ರಲ್ಲಿ ಸ್ವೀಕರಿಸಿದ ಮಕಾರೊವ್ ಪಿಸ್ತೂಲೂ ‘೯ ಮಿಲಿಮೀಟರ್’ ಎಂದೇ ಹೆಸರಾದುದು. ಆದರೆ ಅದರ ಗುಂಡು ಸುಮಾರು ೯.೨೫ ಮಿಲಿಮೀಟರು. ಜರ್ಮನರ ಒಂಬತ್ತು ತೋಡುವ್ಯಾಸ, ರಷ್ಯನರ ಒಂಬತ್ತು ದಂಡೆವ್ಯಾಸ. ಒಂದೇ ಹೆಸರಿನ ಎರಡು ಗುಂಡುಗಳ ನಡುವೆ ೯ ಸಹಸ್ರಾಂಶಗಳ ಅಂತರ. ಹೆಸರನ್ನು ನಂಬಿ ಗುಂಡು ಕೊಂಡವನ ಗತಿಯನ್ನು ಊಹಿಸಬಹುದು.

ಒಂದೇ ತೋಟಾದ ಹೆಸರಿನಲ್ಲಿ ಮಾರಾಟವಾಗುವ ಪಿಸ್ತೂಲುಗಳಾದರೂ ಒಂದೇ ಸಮವಾಗಿವೆಯೆ? ಅದೂ ಇಲ್ಲ. ಕಾರ್ಖಾನೆಯ ಮಾನದಂಡಗಳಲ್ಲಿ ನಳಿಗೆಗೂ ಗುಂಡಿಗೂ ಕೆಲವು ಸಹಸ್ರಾಂಶಗಳ ವಿನಾಯಿತಿ ಉಂಟು. ಕೊರೆಯುವ ಉಪಕರಣ ಸವೆಯುತ್ತ ಬಂದಂತೆ ನಳಿಗೆಯ ಅಳತೆಯೂ ಬದಲಾಗುತ್ತದೆ. ೧೮೭೩ರ ‘.೪೫ ಕೋಲ್ಟ್’ ರಿವಾಲ್ವರುಗಳಲ್ಲಿ ಎರಡನೆಯ ಮಹಾಯುದ್ಧಕ್ಕೆ ಮುಂಚೆ ತಯಾರಾದವುಗಳ ತೋಡುವ್ಯಾಸ ಸುಮಾರು ೦.೪೫೪ ಅಂಗುಲ, ಯುದ್ಧಾನಂತರ ಮಾಡಿದವುಗಳದು ಸುಮಾರು ೦.೪೫೧. ೯ ಮಿಲಿಮೀಟರ್ ನಳಿಗೆಗಳಲ್ಲಿ ೦.೩೫೫ ಇರುವವೂ ಉಂಟು, ೦.೩೫೭ ಮುಟ್ಟುವವೂ ಉಂಟು.

ಎರಡು ಸಹಸ್ರಾಂಶದ ವ್ಯತ್ಯಾಸ ಏನು ಮಹಾ ಎಂಬ ಸಂದೇಹವನ್ನು ಒಂದು ಸುಲಭವಾದ ಲೆಕ್ಕದಿಂದ ಪರಿಹರಿಸಿಕೊಳ್ಳಬಹುದು. ೦.೩೫೭ ತೋಡುವ್ಯಾಸದ ನಳಿಗೆಯಲ್ಲಿ ೦.೩೫೫ರ ಗುಂಡು ಹೋಗುತ್ತಿದೆಯೆನ್ನೋಣ. ತೆಳುವಾದ ಬಳೆಯಂಥ ಆ ಸಂದಿನ ವಿಸ್ತೀರ್ಣವನ್ನೆಲ್ಲ ಒಟ್ಟುಗೂಡಿಸಿ ಒಂದೇ ದುಂಡು ರಂಧ್ರವನ್ನಾಗಿ ಮಾಡಿದರೆ ಅದರ ವ್ಯಾಸ ಒಂದು ಮಿಲಿಮೀಟರಿಗೆ ತುಸುವೇ ಕಡಮೆ. ದಂಡೆಗಳು ಗುಂಡಿನ ಮೈಯನ್ನು ಕಚ್ಚಿರುವೆಡೆಯಲ್ಲಿ ಸಂದು ಮುಚ್ಚಿಹೋಗುವುದರಿಂದ ನಿಜವಾದ ಅಂಕಿ ಇದಕ್ಕಿಂತ ಸ್ವಲ್ಪ ಇಳಿಯುತ್ತದೆ, ಅಷ್ಟೆ. ಈ ರಂಧ್ರದ ಹಿಂದಿರುವ ಒತ್ತಡವೆಷ್ಟು? ೯ ಮಿಲಿಮೀಟರ್ ಲೂಗರ್ ತೋಟಾಕ್ಕೆ ಅಮೆರಿಕದ ತಯಾರಕರು ನಿಗದಿಪಡಿಸಿರುವ ಪರಮಾವಧಿ ಒತ್ತಡ ಚದರ ಅಂಗುಲಕ್ಕೆ ೩೫,೦೦೦ ಪೌಂಡು. ವಾಯುಭಾರದ ಸುಮಾರು ೨,೪೦೦ ಪಟ್ಟು. ಅನಿಲದ ಉಷ್ಣತೆ ಎರಡು ಸಾವಿರ ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ. ಸೀಸವಾದರೋ ೩೨೭ ಡಿಗ್ರಿಗೆ ಕರಗುತ್ತದೆ. ಗುಂಡು ನಳಿಗೆಯಲ್ಲಿರುವುದು ಅರ್ಧ ಮಿಲಿಸೆಕೆಂಡಿನಷ್ಟು ಕಾಲ ಮಾತ್ರ. ಅಷ್ಟರಲ್ಲಿಯೇ ಆ ಸಂದಿನಲ್ಲಿ ನುಗ್ಗುವ ಅನಿಲ ಬೆಸುಗೆಯವನ ಊದುಜ್ವಾಲೆಯಂತೆ ಗುಂಡಿನ ಪಕ್ಕವನ್ನು ಕೊರೆದು, ಕರಗಿದ ಸೀಸವನ್ನು ಮುಂದಿನ ನಳಿಗೆಯ ಗೋಡೆಗೆ ಎರಚುತ್ತದೆ. ಮುಂದಿನ ಗುಂಡು ಆ ಸೀಸವನ್ನು ಉಜ್ಜಿ ಬೆಸೆಯುತ್ತದೆ. ಹತ್ತಿಪ್ಪತ್ತು ಗುಂಡುಗಳಾಗುವಷ್ಟರಲ್ಲಿ ತೋಡುಗಳು ಮುಚ್ಚುತ್ತ ಬಂದು ಗುಂಡಿಗೆ ಹಿಡಿತ ತಪ್ಪುತ್ತದೆ. ಸೆಕೆಂಡಿಗೆ ಸುಮಾರು ೧,೩೮೦ ಸುತ್ತು ತಿರುಗಬೇಕಾದ ಗುಂಡು ಜಾರಿಕೊಂಡು ಹೊರಬಿದ್ದು, ಗಾಳಿಯಲ್ಲಿ ಲಾಗ ಹಾಕಿ, ಗುರಿಯ ಕಾಗದದಲ್ಲಿ ದುಂಡು ತೂತಿಗೆ ಬದಲಾಗಿ ಉದ್ದನೆಯ ಸೀಳನ್ನು ಬಿಡುತ್ತದೆ.

ತಾಮ್ರದ ಕವಚವುಳ್ಳ ಗುಂಡುಗಳಲ್ಲಿ ಈ ಅವಾಂತರ ಅಷ್ಟಾಗಿ ಕಾಣುವುದಿಲ್ಲ. ತಾಮ್ರ ಕರಗುವುದು ಸಾವಿರ ಡಿಗ್ರಿಗೂ ಮೇಲೆ. ಅನಿಲದ ಕೊರೆತವನ್ನು ಅದು ತಡೆದುಕೊಳ್ಳುತ್ತದೆ. ಆದುದರಿಂದ ಕವಚದ ಗುಂಡನ್ನು ತೋಡುವ್ಯಾಸದಷ್ಟೇ ಮಾಡುತ್ತಾರೆ: ೯ ಮಿಲಿಮೀಟರಿಗೆ ೦.೩೫೫, .೪೫ ಆಟೋಮ್ಯಾಟಿಕ್ಕಿಗೆ ೦.೪೫೧. ಬರಿ ಸೀಸದ ಗುಂಡನ್ನು ಒಂದು ಸಹಸ್ರಾಂಶ ಹೆಚ್ಚಾಗಿ, ೦.೩೫೬, ೦.೪೫೨ ಎಂಬಂತೆ ಮಾಡುವುದು ರೂಢಿ. ನಳಿಗೆ ಹಿಗ್ಗಲಾಗಿದ್ದರೆ ಎರಡು ಸಹಸ್ರಾಂಶ ಹೆಚ್ಚು ಮಾಡುವವರೂ ಇದ್ದಾರೆ. ಅಗ್ಗವೆಂದು ಕವಚದಿಂದ ಸೀಸಕ್ಕೆ ಬಂದವರಿಗೆ ತಮ್ಮ ನಳಿಗೆಯ ನಿಜವಾದ ಅಳತೆ ಮೊದಲ ಬಾರಿಗೆ ಅರಿವಾಗುವುದು ಹೀಗೆಯೇ.

ಇಲ್ಲಿ ಒಂದು ತಪ್ಪು ನಂಬಿಕೆಯ ವಿಚಾರ ಬರುತ್ತದೆ. ನಳಿಗೆಗೆ ಸೀಸ ಮೆತ್ತಿಕೊಂಡರೆ ‘ಗುಂಡು ಮೆತ್ತಗಾಯಿತು, ಗಟ್ಟಿ ಮಾಡಬೇಕು’ ಎಂದುಕೊಳ್ಳುವುದು ಸಹಜ. ಹಾಗೆಂದು ಆಂಟಿಮನಿ ಬೆರೆಸಿ ಗಟ್ಟಿ ಮಾಡಿದರೆ ಕೆಲವೊಮ್ಮೆ ಮೆತ್ತುವುದು ಇನ್ನೂ ಹೆಚ್ಚುತ್ತದೆ. ಕಾರಣವನ್ನು ನೋಡೋಣ. ಹತ್ತು ಸೆಂಟಿಮೀಟರ್ ನಳಿಗೆಯಲ್ಲಿ ನಿಶ್ಚಲಸ್ಥಿತಿಯಿಂದ ಸೆಕೆಂಡಿಗೆ ೩೫೦ ಮೀಟರ್ ವೇಗಕ್ಕೇರುವ ಗುಂಡಿನ ಸರಾಸರಿ ವೇಗೋತ್ಕರ್ಷ ಗುರುತ್ವಾಕರ್ಷಣೆಯ ೬೦ ಸಾವಿರ ಪಟ್ಟಿಗಿಂತಲೂ ಹೆಚ್ಚು. ಎಂಟು ಗ್ರಾಮಿನ ಗುಂಡು ಆ ಕ್ಷಣದಲ್ಲಿ ಐದು ಕ್ವಿಂಟಲ್ ತೂಗುವಂತೆ ವರ್ತಿಸುತ್ತದೆ. ಘಾಟಿಯ ಏರಿನಲ್ಲಿ ಎಂಜಿನು ಹಿಂದಿನಿಂದ ತಳ್ಳುವ ರೈಲುಗಾಡಿಯನ್ನು ನೆನೆಯಿರಿ: ಎಂಜಿನಿಗೆ ಹತ್ತಿರದ ಡಬ್ಬಿಯ ಮೇಲೆ ಇಡೀ ಗಾಡಿಯ ಭಾರ, ಮುಂತುದಿಯ ಡಬ್ಬಿಯ ಮೇಲೆ ಏನೂ ಇಲ್ಲ. ಗುಂಡಿನಲ್ಲಿಯೂ ತಳದ ಪದರದ ಮೇಲೆ ಪೂರ್ಣ ಒತ್ತಡ, ಮೂತಿಯಲ್ಲಿ ಬಹುತೇಕ ಶೂನ್ಯ. ಆದುದರಿಂದ ಮೆತ್ತನೆಯ ಗುಂಡಿನ ತಳ ಅದುಮಿಸಿಕೊಂಡು ಪಕ್ಕಕ್ಕೆ ಹಿಗ್ಗಿ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಟೊಳ್ಳು ತಳವಿಲ್ಲದೆಯೇ ಮಿನಿಯೆಯ ಕೆಲಸ ನಡೆಯುತ್ತದೆ. ಗುಂಡು ಗಟ್ಟಿಯಾದರೆ ತಳ ಹಿಗ್ಗದು. ಸಂದು ಸಂದಾಗಿಯೇ ಉಳಿಯುತ್ತದೆ.

ಎಷ್ಟು ಗಟ್ಟಿಯಾದರೆ ಹಿಗ್ಗದು? ಬ್ರಿನೆಲ್ ಕಾಠಿನ್ಯಾಂಕವನ್ನು ೧,೪೨೨ರಿಂದ ಗುಣಿಸಿದರೆ ಅಷ್ಟು ಪೌಂಡುಗಳ ಒತ್ತಡ ಬೇಕೆಂಬ ಸೂತ್ರ ಈ ಹವ್ಯಾಸಿಗಳಲ್ಲಿ ಪ್ರಚಲಿತವಾಗಿದೆ. ಶುದ್ಧ ಸೀಸದ ಅಂಕ ಸುಮಾರು ೫. ಎಂದರೆ ಏಳು ಸಾವಿರ ಪೌಂಡು ಸಾಕು. ನೂರಕ್ಕೆ ಐದು ತವರ, ಐದು ಆಂಟಿಮನಿ ಸೇರಿದ ಮಿಶ್ರಲೋಹದ ಅಂಕ ಸುಮಾರು ೧೫. ಅದಕ್ಕೆ ೨೧ ಸಾವಿರ. .೩೮ ಸ್ಪೆಷಲ್ ತೋಟಾದ ಪರಮಾವಧಿ ಒತ್ತಡವೇ ೧೭,೦೦೦ವಾದುದರಿಂದ ಅದರಲ್ಲಿ ಇಂಥ ಗುಂಡು ಹಿಗ್ಗುವಂತಿಲ್ಲ. ಸೂತ್ರದ ದಿಕ್ಕು ಸರಿ. ಅಂಕಿಯನ್ನು ಮಾತ್ರ ಶಾಸ್ತ್ರವೆಂದು ತಿಳಿಯಬಾರದು. ೧,೪೨೨ ಎಂಬುದು ಚದರ ಮಿಲಿಮೀಟರಿಗೆ ಒಂದು ಕಿಲೋಗ್ರಾಮನ್ನು ಚದರ ಅಂಗುಲಕ್ಕೆ ಪೌಂಡಾಗಿ ಪರಿವರ್ತಿಸುವ ಸಂಖ್ಯೆಯಷ್ಟೆ. ಲೋಹ ಬಾಗತೊಡಗುವ ಒತ್ತಡ ಅದರ ಕಾಠಿನ್ಯದ ಸುಮಾರು ಮೂರನೆಯ ಒಂದು ಪಾಲು ಮಾತ್ರ ಎಂಬುದನ್ನು ಕೇಂಬ್ರಿಜ್ಜಿನ ಟೇಬರ್ ೧೯೫೧ರ ತನ್ನ ಗ್ರಂಥದಲ್ಲಿ ವಿಶದಪಡಿಸಿದ್ದಾನೆ. ಇತ್ತ ಸಂದಿನೊಳಗೆ ನುಗ್ಗಿದ ಅನಿಲ ಗುಂಡನ್ನು ಪಕ್ಕದಿಂದಲೂ ಒತ್ತಿ ಹಿಗ್ಗುವುದಕ್ಕೆ ಅಡ್ಡಿ ಮಾಡುತ್ತದೆ. ಇಷ್ಟು ಅನಿಶ್ಚಯಗಳಿರುವಾಗ ಹಿಗ್ಗುವಿಕೆಯನ್ನು ನೆಚ್ಚಿಕೊಳ್ಳುವುದಕ್ಕಿಂತ ಮೊದಲೇ ಸರಿಯಾದ ಅಳತೆಯ ಗುಂಡನ್ನು ಹಾಕುವುದು ಜಾಣತನವೆಂದು ನನಗೆ ತೋರುತ್ತದೆ.

ಆಂಟಿಮನಿಗೆ ಮತ್ತೊಂದು ಗುಣವಿದೆ. ಅದನ್ನು ಬೆರೆಸಿದ ಸೀಸ ಎರಕವಾಗಿ ಆರುವಾಗ ಕಡಮೆ ಕುಗ್ಗುತ್ತದೆ. ಮುದ್ರಣಾಲಯದ ಅಚ್ಚಿನ ಮೊಳೆಗಳನ್ನು ಸೀಸ, ತವರ, ಆಂಟಿಮನಿಗಳ ಮಿಶ್ರಣದಿಂದ ಎರಕ ಹೊಯ್ಯುತ್ತಿದ್ದುದು ಈ ಕಾರಣಕ್ಕಾಗಿಯೇ; ಅಕ್ಷರದ ಅಂಚು ಚೂಪಾಗಿ ಬರಬೇಕಲ್ಲವೆ? ಲೈನೋಟೈಪ್ ಯಂತ್ರದ ಲೋಹದಲ್ಲಿ ೮೪ ಪಾಲು ಸೀಸ, ೧೨ ಪಾಲು ಆಂಟಿಮನಿ, ೪ ಪಾಲು ತವರ. ಕರಗುವುದು ಸುಮಾರು ೨೪೦ ಡಿಗ್ರಿಗೆ. ಅಮೆರಿಕದ ಗುಂಡು ಎರೆಯುವವರು ಪತ್ರಿಕಾಲಯಗಳಿಂದ ಈ ಹಳೆಯ ಲೋಹವನ್ನು ಕೊಂಡು ತರುತ್ತಿದ್ದರು. ಆಫ್‌ಸೆಟ್ ಮುದ್ರಣ ಬಂದ ಮೇಲೆ ಆ ಸೆಲೆ ಬತ್ತಿತು. ಒಂದೇ ಅಚ್ಚಿನಲ್ಲಿ ಶುದ್ಧ ಸೀಸವನ್ನೂ ಈ ಲೋಹವನ್ನೂ ಎರೆದರೆ ಎರಡನೆಯ ಗುಂಡು ಒಂದೆರಡು ಸಹಸ್ರಾಂಶ ದಪ್ಪವಾಗಿರುತ್ತದೆ. ಲೋಹವನ್ನು ಬದಲಾಯಿಸಿದವನು ತನಗೆ ತಿಳಿಯದಂತೆಯೇ ವ್ಯಾಸವನ್ನೂ ಬದಲಾಯಿಸಿರುತ್ತಾನೆ. ಗಟ್ಟಿತನದಿಂದ ಗುಣವಾಯಿತೆಂದು ಹೇಳುವ ಕೆಲವು ಅನುಭವಗಳ ಹಿಂದೆ ಈ ಒಂದೆರಡು ಸಹಸ್ರಾಂಶಗಳೇ ಇದ್ದರೂ ಇರಬಹುದು. ಸೀಸದ ದೂಳು ವಿಷವಾದುದರಿಂದ ಈ ಕೆಲಸಕ್ಕೆ ಗಾಳಿಯಾಡುವ ಸ್ಥಳ ಬೇಕು, ಕೈ ತೊಳೆಯದೆ ಅನ್ನ ಮುಟ್ಟಬಾರದು.

ನಳಿಗೆಯನ್ನು ಅಳೆಯುವ ವಿಧಾನ ಸರಳವಾಗಿದೆ. ಪಿಸ್ತೂಲು ಬರಿದಾಗಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಗೆ ಎಣ್ಣೆ ಸವರಿ, ತೋಡುವ್ಯಾಸಕ್ಕಿಂತ ಸ್ವಲ್ಪ ದಪ್ಪನಾದ ಶುದ್ಧ ಸೀಸದ ತುಂಡನ್ನು ಒಂದು ತುದಿಯಿಂದ ಮೆಲ್ಲನೆ ಬಡಿದು ಇನ್ನೊಂದು ತುದಿಯಿಂದ ತೆಗೆಯುತ್ತಾರೆ. ನಳಿಗೆಯ ತೋಡುಗಳು ಆ ತುಂಡಿನ ಮೇಲೆ ಏಣುಗಳಾಗಿ ಮೂಡಿರುತ್ತವೆ. ಎದುರುಬದುರಿನ ಏಣುಗಳ ಅಳತೆಯೇ ತೋಡುವ್ಯಾಸ. ತುಂಡು ಸಾಗುವಾಗ ಕೈಗೆ ತಿಳಿಯುವ ಬಿಗಿ–ಸಡಿಲಗಳೂ ಬೆಲೆಯುಳ್ಳ ಸಾಕ್ಷ್ಯ. ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿರುವ ಸಾಧಾರಣ ವರ್ನಿಯರ್ ಇದಕ್ಕೆ ಸಾಲದು. ಅದರ ಕನಿಷ್ಠ ಅಳತೆಯಾದ ೦.೧ ಮಿಲಿಮೀಟರೇ ನಾಲ್ಕು ಸಹಸ್ರಾಂಶವಾಗುತ್ತದೆ. ಸ್ಕ್ರೂಗೇಜು ೦.೦೧ ಮಿಲಿಮೀಟರನ್ನು ತೋರಿಸುವುದರಿಂದ ಅದು ಸಾಕು.

ಆದರೆ ಸ್ಕ್ರೂಗೇಜನ್ನೂ ಮೋಸಗೊಳಿಸುವ ನಳಿಗೆಗಳುಂಟು. ಕೋಲ್ಟ್ ರಿವಾಲ್ವರಿನಲ್ಲಿ ಸಾಂಪ್ರದಾಯಿಕವಾಗಿ ೬ ತೋಡುಗಳು; ಏಣಿಗೆ ಎದುರಾಗಿ ಏಣು ಸಿಗುತ್ತದೆ. ಸ್ಮಿತ್ ಆಂಡ್ ವೆಸ್ಸನ್ ರಿವಾಲ್ವರಿನಲ್ಲಿ ೫. ಬೆಸಸಂಖ್ಯೆಯಾದುದರಿಂದ ಏಣಿನ ಎದುರಿಗೆ ಏಣಿಲ್ಲ, ತಗ್ಗು ಇದೆ. ಸ್ಕ್ರೂಗೇಜು ನಿಜವಾದ ವ್ಯಾಸಕ್ಕಿಂತ ಕೆಲವು ಸಹಸ್ರಾಂಶ ಕಡಮೆ ತೋರಿಸುತ್ತದೆ. ಅದನ್ನು ನಂಬಿದವನು ಸಣ್ಣ ಗುಂಡನ್ನು ಕೊಳ್ಳುತ್ತಾನೆ. ಕವಲು ಅಂಗುಳದ ವಿಶೇಷ ಮೈಕ್ರೋಮೀಟರು ಇದಕ್ಕೆ ಪರಿಹಾರ. ಅದಿಲ್ಲದವರು ದಪ್ಪ ತಿಳಿದಿರುವ ತೆಳು ಲೋಹದ ಪಟ್ಟಿಯನ್ನು ತುಂಡಿನ ಸುತ್ತ ಬಿಗಿಯಾಗಿ ಸುತ್ತಿ ಅಳೆದು, ಪಟ್ಟಿಯ ದಪ್ಪದ ಎರಡರಷ್ಟನ್ನು ಕಳೆಯುತ್ತಾರೆ.

ನಳಿಗೆಯನ್ನು ಅಳೆದು, ಸರಿಯಾದ ಗುಂಡನ್ನು ತಂದು, ಆದರೂ ಸೀಸ ಮೆತ್ತಿಕೊಂಡರೆ? ಗುಂಡು ನಳಿಗೆಯನ್ನು ಸೇರುವ ಮೊದಲೇ ಎಲ್ಲಿಯೋ ಸಣ್ಣದಾಗಿದೆಯೆಂದು ಶಂಕಿಸಬೇಕು. ೯ ಮಿಲಿಮೀಟರ್ ಕೋಶದ ಗೋಡೆ ಕೆಳಕೆಳಗೆ ದಪ್ಪವಾಗುತ್ತ ಹೋಗುತ್ತದೆ. ೦.೩೫೫ರ ಗಟ್ಟಿ ಗುಂಡಿಗೆಂದು ಹದಮಾಡಿದ ಕೋಶದೊಳಕ್ಕೆ ೦.೩೫೬ರ ಮೆತ್ತನೆಯ ಗುಂಡನ್ನು ಒತ್ತಿದರೆ ಹಿತ್ತಾಳೆಯೇ ಗುಂಡಿನ ತಳವನ್ನು ಹಿಂಡಿಬಿಡುತ್ತದೆ. ಅನಿಲವನ್ನು ತಡೆಯಬೇಕಾದ ತಳವೇ ಸಣ್ಣದಾದ ಮೇಲೆ ಮೂತಿ ಎಷ್ಟಿದ್ದರೇನು? ತುಂಬಿದ ತೋಟಾದಿಂದ ಗುಂಡನ್ನು ಹಿಂದಕ್ಕೆ ಕಿತ್ತು ಅಳೆದರೆ ಮಾತ್ರ ಈ ಕಳ್ಳ ಸಿಕ್ಕಿಬೀಳುತ್ತಾನೆ. ಅನುಭವಿಗಳು ಕೋಶದ ಬಾಯನ್ನು ತುಸು ಹೆಚ್ಚು ಅಗಲಿಸಿ ಈ ತೊಂದರೆಯನ್ನು ನೀಗುತ್ತಾರೆ.

ರಿವಾಲ್ವರಿನಲ್ಲಿ ಇನ್ನೊಂದು ಘಟ್ಟವಿದೆ. ತಿರುಗುವ ಉರುಳೆಯ ಪ್ರತಿಯೊಂದು ಗೂಡಿನ ಮುಂಭಾಗದಲ್ಲಿ ಕಿರಿದಾದ ಕೊರಳುಂಟು. ಗುಂಡು ಅದನ್ನು ದಾಟಿ, ಆಲಿಕೆಯಂಥ ನಳಿಗೆಯ ಬಾಯನ್ನು ಹೊಕ್ಕು, ಆಮೇಲೆ ತೋಡುಗಳನ್ನು ಸೇರಬೇಕು. ಕೊರಳು ೦.೩೫೬ ಇದ್ದು ತೋಡುವ್ಯಾಸ ೦.೩೫೭ ಇದ್ದರೆ, ೦.೩೫೮ರ ಗುಂಡು ಹಾಕಿದರೂ ಅದು ೦.೩೫೬ ಆಗಿಯೇ ನಳಿಗೆಗೆ ಬರುತ್ತದೆ. ಕೊರಳು ತೋಡುವ್ಯಾಸಕ್ಕಿಂತ ತುಸು ದೊಡ್ಡದಾಗಿರಬೇಕು. ಗುಂಡು ಕೊರಳಿನಲ್ಲಿ ಹೆಬ್ಬೆರಳಿನ ಒತ್ತಿಗೆ ಜಾರುವಂತಿರಬೇಕು. ಕೆಲವು ರಿವಾಲ್ವರುಗಳಲ್ಲಿ ನಳಿಗೆಯನ್ನು ಚೌಕಟ್ಟಿಗೆ ತಿರುಪಿ ಬಿಗಿದ ಜಾಗದಲ್ಲಿ ನಳಿಗೆಯೇ ಒಂದು ಸಹಸ್ರಾಂಶದಷ್ಟು ಕುಗ್ಗಿರುತ್ತದೆ. ಸೀಸದ ತುಂಡನ್ನು ನಳಿಗೆಯ ಬಾಯಿಂದ ಹಿಂದಕ್ಕೆ ಬಡಿಯುತ್ತ ಬಂದಾಗ ಕೊನೆಯಲ್ಲಿ ಕೈಗೆ ತಿಳಿಯುವ ಬಿಗಿ ಅದೇ.

ಹಾಗಾದರೆ ಗುಂಡನ್ನು ದೊಡ್ಡದು ಮಾಡುತ್ತಲೇ ಹೋಗಬಹುದೆ? ನಳಿಗೆಯ ಮಟ್ಟಿಗೆ ಒಂದೆರಡು ಸಹಸ್ರಾಂಶ ಹೆಚ್ಚಾದ ಮೆತ್ತನೆಯ ಸೀಸ ಅಷ್ಟೇನೂ ತಕರಾರು ಮಾಡದು. ಅದನ್ನು ಹಿಂಡುವುದು ಉಕ್ಕಿಗೆ ಸುಲಭ. ಅಪಾಯವಿರುವುದು ಗೂಡಿನಲ್ಲಿ. ಗುಂಡು ದಪ್ಪವಾದಂತೆ ಅದನ್ನು ಹಿಡಿದಿರುವ ಕೋಶದ ಕತ್ತೂ ದಪ್ಪವಾಗುತ್ತದೆ. ಮದ್ದು ಸಿಡಿದಾಗ ಆ ಕತ್ತು ಹಿಗ್ಗಿ ಗುಂಡನ್ನು ಬಿಟ್ಟುಕೊಡಬೇಕು. ಹಿಗ್ಗಲು ಗೂಡಿನಲ್ಲಿ ಎಡೆಯಿಲ್ಲದಿದ್ದರೆ ಗುಂಡು ಹೊರಡುವುದು ತಡವಾಗಿ ಒತ್ತಡ ಮಿತಿಮೀರುತ್ತದೆ. ತುಂಬಿದ ತೋಟಾ ಗೂಡಿನೊಳಕ್ಕೆ ತನ್ನ ಭಾರದಿಂದಲೇ ಇಳಿಯದೆ ಹೆಬ್ಬೆರಳಿನ ಬಲವನ್ನು ಬೇಡಿದರೆ ಅದನ್ನು ಹಾರಿಸಬಾರದು. ವ್ಯಾಸವಾಗಲಿ ಗುಂಡಿನ ಜಾತಿಯಾಗಲಿ ಬದಲಾದಾಗ ಹಿಂದಿನ ಮದ್ದಿನ ಅಳತೆಯನ್ನು ಹಾಗೆಯೇ ಉಳಿಸಿಕೊಳ್ಳದೆ, ತಯಾರಕರ ಕೈಪಿಡಿಯಲ್ಲಿ ಹೇಳಿದ ಕನಿಷ್ಠದಿಂದ ಮತ್ತೆ ಆರಂಭಿಸಬೇಕೆಂಬುದು ಈ ಹವ್ಯಾಸಿಗಳು ಪಾಲಿಸುವ ಕಟ್ಟುನಿಟ್ಟಿನ ನಿಯಮ. ಪಿಸ್ತೂಲು ಹಿಡಿದ ಕೈ ಗೂಡಿನಿಂದ ಕೆಲವೇ ಅಂಗುಲ ದೂರದಲ್ಲಿರುತ್ತದೆ.

ಈಚಿನ ವರ್ಷಗಳಲ್ಲಿ ಸೀಸದ ಗುಂಡಿಗೆ ಪಾಲಿಮರಿನ ತೆಳುಪದರವನ್ನು ಬೇಯಿಸಿ ಹಚ್ಚುವ ಪದ್ಧತಿ ಬಂದು ಜೇನುಮೇಣದ ಬಳಕೆ ಕಡಮೆಯಾಗಿದೆ. ಆ ಪದರ ಅನಿಲದ ಕೊರೆತವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ; ಆದರೂ ಅಂಥ ಗುಂಡುಗಳನ್ನೂ ೦.೩೫೬, ೦.೩೫೮, ೦.೪೫೨ ಎಂಬ ಹಳೆಯ ಅಳತೆಗಳಲ್ಲಿಯೇ ಮಾರುತ್ತಾರೆ. ಅಳತೆ ತಪ್ಪಿದಾಗ ನಳಿಗೆಯಲ್ಲಿ ಉಳಿಯುವ ಗುರುತೂ ಬದಲಾಗಿಲ್ಲ. ಗೂಡಿಗೆ ಹತ್ತಿರದಲ್ಲಿ, ತೋಡುಗಳು ಆರಂಭವಾಗುವೆಡೆಯಲ್ಲಿಯೇ ಸೀಸ ಮೆತ್ತಿದ್ದರೆ ಗುಂಡು ಸಣ್ಣದು, ಅನಿಲ ಸೋರುತ್ತಿದೆ. ನಳಿಗೆಯ ಬಾಯ ಬಳಿ ಮೆತ್ತಿದ್ದರೆ ಗುಂಡಿನ ಮೇಣ ದಾರಿಯಲ್ಲಿಯೇ ಮುಗಿದುಹೋಗಿದೆ. ರಿವಾಲ್ವರಿನ ಚೌಕಟ್ಟಿನ ಮೇಲೆ, ಉರುಳೆಗೂ ನಳಿಗೆಗೂ ನಡುವೆ ಸೀಸದ ಸಿಬಿರುಗಳು ಚಿಮ್ಮಿದ್ದರೆ ಗೂಡು ನಳಿಗೆಗೆ ನೇರವಾಗಿ ನಿಲ್ಲುತ್ತಿಲ್ಲ; ಆಗ ಸ್ಕ್ರೂಗೇಜನ್ನು ಪೆಟ್ಟಿಗೆಗೆ ಸೇರಿಸಿ ರಿವಾಲ್ವರನ್ನು ಕಮ್ಮಾರನ ಬಳಿಗೆ ಒಯ್ಯಬೇಕಾಗುತ್ತದೆ.